ರಿಸೆಪ್ಷನ್‌ಗೆ ಛತ್ರವೋ, ಲಾನೋ, ಹೋಟೆಲೋ? ಮೊದಲು ಊಟದ ಹಾಲ್ ನೋಡಿ

ಪ್ರಶ್ನೆ: ನಾನು ತುಮಕೂರಿನವಳು, ಕೆಲಸ ಬೆಂಗಳೂರಲ್ಲಿ. ಬರುವ ಮೇ ತಿಂಗಳಲ್ಲಿ ಮದುವೆ. ಹುಡುಗನ ಮನೆ ಶಿವಮೊಗ್ಗ. ಮುಹೂರ್ತ ತುಮಕೂರಿನ ಛತ್ರದಲ್ಲಿ, ಬೆಳಗ್ಗೆ 10ರ ಮೇಲೆ ಅಂತ ನಿಕ್ಕಿಯಾಗಿದೆ. ತಕರಾರು ಇರೋದು ರಿಸೆಪ್ಷನ್ ಬಗ್ಗೆ. ಹಿಂದಿನ ಸಂಜೆ ಅದೇ ಛತ್ರದಲ್ಲಿ ಮುಗಿಸೋಣ ಅಂತಾರೆ ಅಪ್ಪ. ಹಿಂದಿನ ಮಧ್ಯಾಹ್ನದಿಂದ ಮುಹೂರ್ತದ ದಿನ ಮಧ್ಯಾಹ್ನದವರೆಗೆ ಬಾಡಿಗೆ 1.8 ಲಕ್ಷ. ಧಾರೆಗೆ ಮುಂಚೆ ಗಂಡು ಹೆಣ್ಣನ್ನು ಜೋಡಿಯಾಗಿ ನಿಲ್ಲಿಸೋದು ಅಮ್ಮನಿಗೆ ಇಷ್ಟ ಇಲ್ಲ. ನಮ್ಮಿಬ್ಬರಿಗೆ ನೆಲಮಂಗಲದ ಹತ್ತಿರ ಒಂದು ಓಪನ್ ಲಾನ್ ತುಂಬಾ ಹಿಡಿಸಿದೆ, ಒಂದು ಸಂಜೆಗೆ 1.5 ಲಕ್ಷ. ಅಕ್ಕ ಬೆಂಗಳೂರಿನ ಒಂದು ಹೋಟೆಲ್ ಹಾಲ್ ನೋಡಿದ್ದಾಳೆ, ಊಟಕ್ಕೆ ತಲೆಗೆ 1,400. ನೆಂಟರು, ಊರವರು ಸೇರಿ 650 ಜನ. ಬೆಂಗಳೂರಿನ ಸ್ನೇಹಿತರು, ಆಫೀಸಿನವರು 150. ಛತ್ರದಲ್ಲಿ 1,000 ಜನ ಹಿಡಿಯುತ್ತಾರಂತೆ. ಯಾವುದನ್ನು ಆರಿಸೋದು?

ಉತ್ತರ: ನಿಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಜಾಗ ಹೇಳುತ್ತಿದ್ದಾರೆ ನಿಜ. ಆದರೆ ಎಲ್ಲರೂ ಒಂದೇ ರಿಸೆಪ್ಷನ್ ಬಗ್ಗೆ ಮಾತಾಡುತ್ತಿಲ್ಲ. ಅಪ್ಪನ ಕಣ್ಣ ಮುಂದೆ ಇರೋದು ಊರಿನ 650 ಜನ. ನಿಮ್ಮ ಮನಸ್ಸಿನಲ್ಲಿ ಇರೋದು ಆ 150 ಜನ. ಅಕ್ಕನಿಗೆ ಎಲ್ಲಾ ಅಚ್ಚುಕಟ್ಟಾಗಿ ಆಗಬೇಕು, ಅಮ್ಮನಿಗೆ ಶಾಸ್ತ್ರಕ್ಕೆ ಲೋಪ ಆಗಬಾರದು. ಈ ನಾಲ್ಕನ್ನೂ ಒಂದೇ ಜಾಗದಲ್ಲಿ ಹಿಡಿಸಲು ಹೋದಾಗಲೇ ಜಗಳ ಶುರುವಾಗೋದು. ಛತ್ರದ ಮ್ಯಾನೇಜರಿಕೆಯಲ್ಲಿ, ಆಮೇಲೆ ಮದುವೆ ಉಸ್ತುವಾರಿಯಲ್ಲಿ ವರ್ಷಗಟ್ಟಲೆ ಇದ್ದು ಇದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನೆಂಟರ ರಿಸೆಪ್ಷನ್ ತುಮಕೂರಿನ ಛತ್ರದಲ್ಲೇ ಆಗಲಿ, ಆದರೆ ಅಲ್ಲಿನ ಊಟದ ಹಾಲ್ ಸಾಕಾಗುತ್ತದೆ ಅಂತ ಖಾತ್ರಿಯಾದ ಮೇಲೆ. ಬೆಂಗಳೂರಿನವರಿಗೆ ಆಮೇಲೆ ಬೇರೆಯಾಗಿ ಒಂದು ಚಿಕ್ಕ ಕೂಟ ಮಾಡಿ. ಮೇ ತಿಂಗಳಲ್ಲಿ ಲಾನ್ ಬೇಡ.

ಈಗ ಆ 1,000 ಜನದ ಮಾತು. ಈ ಸಂಖ್ಯೆಯನ್ನು ಯಾವ ಛತ್ರದವರು ಹೇಳಿದರೂ ಒಂದು ಮರುಪ್ರಶ್ನೆ ಕೇಳಿ: "ಎಲ್ಲಿ ಕೂತು 1,000?" ಕೆಲವರು ಬಾಲ್ಕನಿಯನ್ನೂ ಸೇರಿಸುತ್ತಾರೆ. ಕೆಲವರು ಊಟದ ಹಾಲ್‌ನಲ್ಲಿ ಕೂತವರನ್ನೂ, ಹೊರಗಿನ ಪೋರ್ಟಿಕೋದಲ್ಲಿ ನಿಂತವರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ, ಅವರ ಲೆಕ್ಕವೇ ಬೇರೆ. ಮುಖ್ಯ ಹಾಲ್‌ನಲ್ಲಿ ಎಷ್ಟು ಕುರ್ಚಿ, ಊಟಕ್ಕೆ ಒಂದು ಪಂಕ್ತಿಗೆ ಎಷ್ಟು ಎಲೆ, ಈ ಎರಡೇ ಸಂಖ್ಯೆ ನಿಮಗೆ ಬೇಕು. ಅದರಲ್ಲೂ ಎರಡನೆಯದು ಜಾಸ್ತಿ ಮುಖ್ಯ.

ಯಾಕೆ ಅಂದ್ರೆ, ನಮ್ಮ ಕಡೆಯ ರಿಸೆಪ್ಷನ್‌ನಲ್ಲಿ ಜನ ಹಾಲ್‌ನಲ್ಲಿ ಕೂರೋದು ಕಡಿಮೆ. ಬರುತ್ತಾರೆ, ಸ್ಟೇಜ್ ಮುಂದಿನ ಸಾಲಿಗೆ ಸೇರುತ್ತಾರೆ, ಫೋಟೊ ತೆಗೆಸಿಕೊಂಡು ಊಟಕ್ಕೆ ಇಳಿಯುತ್ತಾರೆ. ಆ ಸಂಜೆ ಅಂದ್ರೆ ಮುಖ್ಯವಾಗಿ ಎರಡು ಸಾಲು, ಒಂದು ಸ್ಟೇಜಿಗೆ, ಒಂದು ಊಟಕ್ಕೆ. ಇವೆರಡೂ ಸರಾಗ ಸಾಗಿದರೆ ಬಂದವರು ಖುಷಿಯಾಗಿ ಹೋಗುತ್ತಾರೆ. ಕಟ್ಟಿಕೊಂಡರೆ ನೀವು ಎಂಥ ಹೂವಿನ ಅಲಂಕಾರ ಮಾಡಿಸಿದ್ದರೂ ನೆಂಟರು ನೆನಪಿಟ್ಟುಕೊಳ್ಳೋದು ಕಾಲುನೋವನ್ನೇ.

ನಿಮ್ಮ ಲೆಕ್ಕವನ್ನೇ ಹಿಡಿಯೋಣ. 800 ಜನ, ಮೂವರು ಮೂವರಂತೆ ಸ್ಟೇಜ್ ಹತ್ತಿದರೆ ಸುಮಾರು 265 ಗುಂಪು. ಒಂದು ಗುಂಪಿಗೆ ಅರ್ಧ ನಿಮಿಷ ಅಂದರೂ ಎರಡು ಗಂಟೆ ದಾಟುತ್ತದೆ. ಊಟದ ಹಾಲ್‌ನಲ್ಲಿ ಒಮ್ಮೆಗೆ 250 ಎಲೆ ಹಾಕಬಹುದು ಅಂತಿಟ್ಟುಕೊಳ್ಳಿ. ಎಲೆ ಹಾಕಿ, ಬಡಿಸಿ, ಉಂಡು, ಎಲೆ ತೆಗೆದು, ಮೇಜು ಒರೆಸಿ, ಮುಂದಿನ ಪಂಕ್ತಿ ಕೂರಲು 40 ನಿಮಿಷ ಬೇಕು. 800 ಜನಕ್ಕೆ ನಾಲ್ಕು ಪಂಕ್ತಿ, ಅಂದ್ರೆ ಎರಡು ಗಂಟೆ 40 ನಿಮಿಷ. ಏಳೂವರೆಗೆ ಶುರು ಮಾಡಿದರೆ ಮುಗಿಯೋದು ಹತ್ತು ದಾಟಿದ ಮೇಲೆ, ಆಮೇಲೆ ಮನೆಯವರ ಊಟ. ಉಣ್ಣುವವರ ಕುರ್ಚಿ ಹಿಂದೆ ಮುಂದಿನವರು ಬಂದು ನಿಂತು ಜಾಗ ಕಾಯೋದನ್ನು ನೀವೂ ನೋಡಿರ್ತೀರಿ ಅಲ್ವಾ? ಉಣ್ಣುವವರಿಗೂ ಮುಜುಗರ, ಕಾಯುವವರಿಗೂ ಮುಜುಗರ. ಅದೇ ಹಾಲ್‌ನಲ್ಲಿ 400 ಎಲೆ ಹಿಡಿದರೆ ಎರಡೇ ಪಂಕ್ತಿಗೆ, ಒಂದು ಗಂಟೆ 20 ನಿಮಿಷಕ್ಕೆ ಊಟ ಮುಗಿಯುತ್ತದೆ. ಅದಕ್ಕೇ ನಾನು ಯಾರಿಗೇ ಆದರೂ ಮೊದಲು ಊಟದ ಹಾಲ್ ನೋಡಿ, ಆಮೇಲೆ ಸ್ಟೇಜ್ ನೋಡಿ ಅನ್ನೋದು.

ಬಫೆ ಇಟ್ಟರೆ ಈ ಕಷ್ಟ ಇರಲ್ಲ ಅನ್ನೋದು ಅರ್ಧ ನಿಜ. 100 ಜನಕ್ಕೆ ಒಂದು ಸಾಲಿನಂತೆ ಕೌಂಟರ್ ಇದ್ದರೆ ಮಾತ್ರ ಬಫೆ ಬೇಗ ಸಾಗುತ್ತದೆ. ಎಂಟು ನೂರು ಜನ ಒಟ್ಟಿಗೇ ಬರಲ್ಲ, ಒಮ್ಮೆಗೆ 300 ಜನ ಊಟದಲ್ಲಿ ಇರುತ್ತಾರೆ ಅಂದುಕೊಂಡರೂ ಮೂರು ಸಾಲು ಬೇಕು, ತಟ್ಟೆ ಹಿಡಿದು ನಿಲ್ಲಲು ಜಾಗ ಬೇಕು, ವಯಸ್ಸಾದವರಿಗೆ ಕುರ್ಚಿ ಮೇಜು ಬೇಕು. ಊರಿನ ನೆಂಟರು ಜಾಸ್ತಿ ಇರುವ ಕಡೆ ಎಲೆ ಊಟ ಒಂದು ಕಡೆ, ಬಫೆ ಒಂದು ಕಡೆ ಇಡೋದೇ ಒಳ್ಳೆಯದು. ಎರಡಕ್ಕೂ ಜಾಗ ಇದೆಯಾ ನೋಡಿ. ಊಟದ ಹಾಲ್ ಸೆಲ್ಲಾರ್‌ನಲ್ಲಿದ್ದರೆ ಲಿಫ್ಟ್ ಇದೆಯಾ, ಕರೆಂಟ್ ಹೋದಾಗ ಅದು ಜನರೇಟರ್ ಮೇಲೆ ಓಡುತ್ತದಾ ಅಂತ ಕೇಳಿ. ಮಂಡಿನೋವಿನ ಅಜ್ಜಿ ಇಪ್ಪತ್ತೈದು ಮೆಟ್ಟಿಲು ಇಳಿದು ಹತ್ತಬೇಕಾದರೆ ಅವರು ಊಟವನ್ನೇ ಬಿಟ್ಟು ಹೋಗುತ್ತಾರೆ.

ಇನ್ನೊಂದು ಪ್ರಶ್ನೆ ಕೇಳಿದವರನ್ನು ನಾನು ಕಂಡಿದ್ದೇ ಅಪರೂಪ. "ನಮ್ಮ ರಿಸೆಪ್ಷನ್ ದಿನ ಬೆಳಗ್ಗೆ ಇಲ್ಲಿ ಬೇರೆ ಮದುವೆ ಇದೆಯಾ?" ವೈಶಾಖ, ಜ್ಯೇಷ್ಠದಲ್ಲಿ ಒಳ್ಳೆ ಮುಹೂರ್ತಗಳು ಬೆನ್ನುಬೆನ್ನಿಗೆ ಬರುತ್ತವೆ, ಆಷಾಢ ಬರುವ ಮುಂಚೆ ಎಲ್ಲರಿಗೂ ಮುಗಿಸುವ ಆತುರ. ಒಂದು ಮದುವೆಯವರು ಮಧ್ಯಾಹ್ನ ಮೂರಕ್ಕೆ ಖಾಲಿ ಮಾಡಿದರೆ ಇನ್ನೊಂದು ಮನೆಯವರು ಮೂರೂವರೆಗೆ ಒಳಗೆ ಬರುತ್ತಾರೆ. ಅವರ ಡೆಕೊರೇಷನ್ ಬಿಚ್ಚಬೇಕು, ನೆಲ ತೊಳೆಯಬೇಕು, ಅಡುಗೆಮನೆ ಖಾಲಿಯಾಗಬೇಕು. ನಿಮ್ಮ ಡೆಕೊರೇಟರ್‌ಗೆ ದೊಡ್ಡ ಸ್ಟೇಜ್ ಕಟ್ಟಲು ಆರೇಳು ಗಂಟೆ ಬೇಕು. ಏಳಕ್ಕೆ ಜನ ಬರುವ ಹೊತ್ತಿಗೆ ಏಣಿ ಇನ್ನೂ ಸ್ಟೇಜ್ ಮೇಲೇ ಇರುತ್ತದೆ. ಹಾಗಿದ್ದರೆ ಒಂದೋ ಮೂರು ಗಂಟೆಯಲ್ಲಿ ನಿಲ್ಲುವಂಥ ಸರಳ ಅಲಂಕಾರ ಒಪ್ಪಿಕೊಳ್ಳಿ, ಇಲ್ಲ ಬೇರೆ ಛತ್ರ ನೋಡಿ. ಅಡುಗೆಯವರಿಗೂ ಇದೇ ಪೀಕಲಾಟ, ಅವರನ್ನು ಕೇಳದೆ ಸಮಯ ಒಪ್ಪಬೇಡಿ.

ಅಮ್ಮನ ಮಾತಿಗೆ ಬರ್ತೀನಿ. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ನಮ್ಮ ಹಳೇ ಮೈಸೂರು ಕಡೆ ಮುಹೂರ್ತದ ಹಿಂದಿನ ಸಂಜೆ ಆರತಕ್ಷತೆ ಮಾಡೋದು ಈಗ ಸಾಮಾನ್ಯ. ಮಂಗಳೂರು, ಉಡುಪಿ ಕಡೆ ಮದುವೆ ಆದ ಮೇಲೇ ರಿಸೆಪ್ಷನ್. ಹಿಂದಿನ ಸಂಜೆಯ ಪದ್ಧತಿ ಇಷ್ಟು ಹಬ್ಬಲು ದೊಡ್ಡ ಕಾರಣ ಬಾಡಿಗೆ ಮತ್ತು ಅನುಕೂಲ. ಛತ್ರ ಹೇಗೂ ಹಿಂದಿನ ಮಧ್ಯಾಹ್ನದಿಂದ ನಿಮ್ಮ ಕೈಯಲ್ಲಿರುತ್ತದೆ, ದೂರದ ನೆಂಟರು ಬಂದಿರುತ್ತಾರೆ, ಕೆಲಸಕ್ಕೆ ಹೋಗುವವರಿಗೆ ಸಂಜೆ ಬಂದು ಹೋಗೋದು ಸುಲಭ. ರಿಸೆಪ್ಷನ್ ಅನ್ನೋದು ಧಾರೆಯಂತೆ, ಸಪ್ತಪದಿಯಂತೆ ಒಂದು ಶಾಸ್ತ್ರ ಅಲ್ಲ, ಜನರನ್ನು ಕಂಡು ಮಾತಾಡಿಸುವ ಕೂಟ. ಅದಕ್ಕೇ ಮೊದಲೂ ಮಾಡಬಹುದು, ಆಮೇಲೂ ಮಾಡಬಹುದು. ಹಾಗಂತ ಅಮ್ಮನ ಮನಸ್ಸಿಗೆ ಒಪ್ಪದಿದ್ದರೆ ದಾರಿ ಇದೆ. ನಿಮ್ಮ ಮುಹೂರ್ತ ಹತ್ತರ ಮೇಲೆ ಇರೋದರಿಂದ ಧಾರೆ ಮುಗಿಸಿ 12ರಿಂದ 2ರವರೆಗೆ ಅಲ್ಲೇ ಕೂತು ಎಲ್ಲರನ್ನೂ ಕಾಣಬಹುದು, ಜೊತೆಗೇ ಮದುವೆ ಊಟ. ಖರ್ಚೂ ಒಂದು ಹೊತ್ತಿನದು ಉಳಿಯುತ್ತದೆ. ಆದರೆ ಛತ್ರ ಬಿಡುವ ಸಮಯ ಮಧ್ಯಾಹ್ನ ಮೂರು ಅಂತಿದ್ದರೆ ಸಂಜೆ ಐದಕ್ಕೆ ಏರಿಸಿಕೊಂಡು ರಸೀದಿಯಲ್ಲೇ ಬರೆಸಿ, ಹುಡುಗಿಯನ್ನು ಒಪ್ಪಿಸಿಕೊಡುವ ಹೊತ್ತಿನಲ್ಲಿ ಮ್ಯಾನೇಜರ್ ಬಂದು ಗಡಿಯಾರ ತೋರಿಸೋದು ಯಾರಿಗೂ ಬೇಡ. ಕೆಲಸದ ದಿನವಾದರೆ ಮಧ್ಯಾಹ್ನ ಬರುವ ಜನ ಕಡಿಮೆ ಆಗುತ್ತಾರೆ, ಅದನ್ನೂ ಯೋಚಿಸಿ. ಹಿಂದಿನ ಸಂಜೆಯೇ ಅಂತಾದರೆ ನಿಮಗೆ ಬೇಕಾದದ್ದು ನಿದ್ದೆ. ರಾತ್ರಿ ಹನ್ನೆರಡರವರೆಗೆ ನಿಂತು ಬೆಳಗ್ಗೆ ನಾಲ್ಕಕ್ಕೆ ಎಣ್ಣೆ ಸ್ನಾನಕ್ಕೆ ಎದ್ದ ಹುಡುಗಿಯರು ಮಂಟಪದಲ್ಲಿ ತಲೆಸುತ್ತಿ ಕೂತದ್ದನ್ನು ನೋಡಿದ್ದೇನೆ, ಅದಕ್ಕೆ ಹೇಳ್ತಿದ್ದೀನಿ.

ಲಾನ್ ವಿಷಯದಲ್ಲಿ ನಿಮಗೆ ಬೇಜಾರಾಗಬಹುದು. ಫೋಟೊದಲ್ಲಿ ಅದಕ್ಕಿಂತ ಚೆಂದ ಯಾವುದೂ ಇಲ್ಲ, ಒಪ್ಪುತ್ತೇನೆ. ಆದರೆ ಮೇ ತಿಂಗಳು ಅಂದ್ರೆ ಭರಣಿ, ಕೃತ್ತಿಕಾ ಮಳೆಗಳ ಕಾಲ. ಹಗಲೆಲ್ಲಾ ಧಗೆ, ಸಂಜೆ ಹೊತ್ತಿಗೆ ಮೋಡ ಕಟ್ಟಿ ಗಾಳಿ, ಗುಡುಗು ಸಮೇತ ಸುರಿಯೋದು ಬೆಂಗಳೂರು ಸುತ್ತಮುತ್ತ ಮಾಮೂಲು. ಅದೂ ಸರಿಯಾಗಿ ನಿಮ್ಮ ಜನ ಬರುವ ಹೊತ್ತಿಗೆ. ಶಾಮಿಯಾನ ಹಾಕಿಸ್ತೀವಿ ಅನ್ನಬಹುದು. ಅದು ನೆರಳಿಗೆ ಸರಿ, ಗಾಳಿಮಳೆಗೆ ಅಲ್ಲ. ಹುಲ್ಲು ಒಮ್ಮೆ ನೆನೆದರೆ ರೇಷ್ಮೆ ಸೀರೆ ಉಟ್ಟವರು ಕಾಲಿಡೋಕೆ ಆಗಲ್ಲ, ನೆಲದ ಮೇಲೆ ಹರಡಿದ ವೈರ್‌ಗಳು ಅಪಾಯ.

ಲಾನ್ ಅಗ್ಗ ಅನ್ನೋದೂ ನಿಜವಲ್ಲ. ಆ 1.5 ಲಕ್ಷ ಬರೀ ನೆಲಕ್ಕೆ. ಕುರ್ಚಿ, ಮೇಜು, ಲೈಟಿಂಗ್, ಕಾರ್ಪೆಟ್, ಅಡುಗೆಗೆ ಶೆಡ್, ನೀರಿನ ಟ್ಯಾಂಕರ್, ಜನರೇಟರ್, ಜಾಸ್ತಿ ಶೌಚಾಲಯ, ಇವೆಲ್ಲಾ ಛತ್ರದಲ್ಲಿ ಇದ್ದೇ ಇರುತ್ತವೆ. ಲಾನ್‌ಗೆ ಒಂದೊಂದನ್ನೂ ಹೊರಗಿನಿಂದ ತರಿಸಬೇಕು. 800 ಜನಕ್ಕೆ ಇದನ್ನೆಲ್ಲಾ ಬರೆದು ಕೂಡಿಸಿ ನೋಡಿ, ಛತ್ರದ ಬಾಡಿಗೆ ಕಡಿಮೆ ಅನಿಸುತ್ತದೆ.

ಸದ್ದಿನ ನಿಯಮವನ್ನೂ ತಿಳ್ಕೊಂಡಿರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗೆ, ಒಳಗಿನವರಿಗಷ್ಟೇ ಕೇಳುವಂತೆ ಇದ್ದರೆ ವಿನಾಯಿತಿ ಇದೆ. ಲಾನ್‌ಗೆ ಆ ವಿನಾಯಿತಿ ಇಲ್ಲ. "ಪೊಲೀಸರನ್ನು ನಾವು ನೋಡ್ಕೋತೀವಿ" ಅಂತ ಮಾಲೀಕರು ಹೇಳಿದರೆ ನಂಬಬೇಡಿ. ಅಕ್ಕಪಕ್ಕದ ಊರಿನವರು ಒಂದು ಫೋನ್ ಮಾಡಿದರೆ ಸಾಕು, ಆರ್ಕೆಸ್ಟ್ರಾ ನಿಲ್ಲುತ್ತದೆ. ಸ್ನೇಹಿತರಿಗೆ ಮದ್ಯ ಇಡುವ ಯೋಚನೆ ಇದ್ದರೆ ಅಬಕಾರಿ ಇಲಾಖೆಯಿಂದ ಆ ದಿನಕ್ಕೆ ಪರವಾನಗಿ ಬೇಕು, ಲಾನ್ ಊರ ಹೊರಗಿದೆ ಅಂತ ಅದು ತಪ್ಪಲ್ಲ.

ಅಷ್ಟಾದರೂ ಲಾನೇ ಬೇಕು ಅಂದ್ರೆ, ಅಲ್ಲೇ ಪಕ್ಕದಲ್ಲಿ ಪಕ್ಕಾ ಛಾವಣಿಯ ಹಾಲ್ ಇರಬೇಕು, ಮತ್ತು ಅದು ಆ ಸಂಜೆ ನಿಮಗೇ ಮೀಸಲು ಅಂತ ಬರವಣಿಗೆಯಲ್ಲಿ ಇರಬೇಕು. ಮಳೆ ಬಂದಾಗ ಕೇಳಿದರೆ ಆ ಹಾಲ್ ಬೇರೆಯವರಿಗೆ ಕೊಟ್ಟಿರುತ್ತಾರೆ. ಮಾಘ ಮಾಸದಲ್ಲಿ ಮದುವೆ ಇದ್ದಿದ್ದರೆ ನಾನೇ ಲಾನ್ ಮಾಡಿ ಅಂತಿದ್ದೆ.

ಅಕ್ಕನ ಹೋಟೆಲ್ ಆಯ್ಕೆ 800 ಜನಕ್ಕೆ ಭಾರ. ತಲೆಗೆ 1,400ರಂತೆ 11.2 ಲಕ್ಷ, ಮೇಲೆ ಜಿಎಸ್‌ಟಿ. ಆದರೆ ಅದೇ ಹೋಟೆಲ್ 200 ಜನಕ್ಕೆ ತುಂಬಾ ಸರಿಯಾದ ಜಾಗ. 2.8 ಲಕ್ಷ, ಹೋಟೆಲಿನ ವರ್ಗ ನೋಡಿ 5% ಅಥವಾ 18% ತೆರಿಗೆ. 18% ಅಂತಲೇ ಹಿಡಿದರೂ 3.3 ಲಕ್ಷ. ಸಾಮಾನ್ಯವಾಗಿ ಹಾಲ್ ಬಾಡಿಗೆ, ಎಸಿ, ಕುರ್ಚಿ ಮೇಜು, ಬಡಿಸುವವರು, ಪಾರ್ಕಿಂಗ್ ಎಲ್ಲಾ ಊಟದ ದರದಲ್ಲೇ ಬಂದಿರುತ್ತದೆ. ನಿಮ್ಮ ಮನೆಯವರು ಓಡಾಡಬೇಕಾಗಿಲ್ಲ. ಹೋಟೆಲ್‌ನಲ್ಲಿ ಹುಷಾರಾಗಿರಬೇಕಾದ್ದು ಕನಿಷ್ಠ ಗ್ಯಾರಂಟಿ ಬಗ್ಗೆ. 200 ಅಂತ ಬರೆದುಕೊಟ್ಟ ಮೇಲೆ 140 ಜನ ಬಂದರೂ 200ಕ್ಕೆ ಕೊಡಬೇಕು. ಬೆಂಗಳೂರಿನ ಸ್ನೇಹಿತರ ಬಳಗದಲ್ಲಿ ಬರ್ತೀವಿ ಅಂದವರೆಲ್ಲಾ ಬರಲ್ಲ. 150 ಜನರನ್ನು ಕರೆದರೆ 110ಕ್ಕೆ ಗ್ಯಾರಂಟಿ ಕೊಟ್ಟು, ಮೇಲೆ ಬಂದವರಿಗೆ ಅದೇ ದರದಲ್ಲಿ ಬಡಿಸುವ ಮಾತು ಮಾಡಿಕೊಳ್ಳಿ. ನಿಮ್ಮಿಬ್ಬರ ಮನೆಯವರು ಒಂದಷ್ಟು ಜನ ಇದ್ದೇ ಇರುತ್ತಾರೆ ಅನ್ನೋದನ್ನು ಈ ಲೆಕ್ಕದಲ್ಲಿ ಮರೀಬೇಡಿ.

ಇಬ್ಬರ ಮನೆಯಲ್ಲೂ ಮಾಂಸದೂಟ ಇದ್ದರೆ ಮೂರನೇ ದಾರಿಯೂ ಇದೆ, ಬೀಗರೂಟ. ಹೇಗೂ ಮಾಡ್ತೀರಿ ಅಂದ್ರೆ ಆಫೀಸಿನವರನ್ನು ಅದಕ್ಕೇ ಕರೆಯಿರಿ. ಬೆಂಗಳೂರಿನ ಸ್ನೇಹಿತರು ಎಸಿ ಹಾಲ್‌ನ ಬಫೆಗಿಂತ ಮುದ್ದೆ, ಸಾರು, ಚಾಪ್ಸ್ ಊಟವನ್ನು ಖುಷಿಯಾಗಿ ಉಂಡು ಹೋಗುತ್ತಾರೆ. ಎಷ್ಟೋ ಛತ್ರಗಳಲ್ಲಿ ಮಾಂಸದ ಅಡುಗೆಗೆ ಅವಕಾಶ ಇಲ್ಲ, ಮೊದಲೇ ಕೇಳಿ. ಮನೆ ಮುಂದೆ ಅಥವಾ ಸಮುದಾಯ ಭವನದಲ್ಲಿ ಶಾಮಿಯಾನ ಹಾಕಿ ಮಧ್ಯಾಹ್ನವೇ ಮುಗಿಸಿದರೆ ಸಂಜೆ ಮಳೆಯ ಭಯವೂ ಅಷ್ಟಿರಲ್ಲ.

ಬೆಂಗಳೂರಿನವರನ್ನೂ ತುಮಕೂರಿಗೇ ಕರೆಯೋದಾದರೆ ಬಸ್ ಮಾಡಿ. ಸಂಜೆ ಹೊತ್ತು ಗೊರಗುಂಟೆಪಾಳ್ಯ, ಪೀಣ್ಯ ದಾಟೋದೇ ದೊಡ್ಡ ಕೆಲಸ. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಿಂದ ಮಾದಾವರದವರೆಗೆ ಬಂದಿದೆ. ಎಲ್ಲರೂ ಮೆಟ್ರೊದಲ್ಲಿ ಅಲ್ಲಿಗೆ ಬಂದು, ಅಲ್ಲಿಂದ ನಿಮ್ಮ ಬಸ್ ಹತ್ತಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ವಾಪಸ್ ಕೊನೆಯ ರೈಲಿಗೆ ಮುಂಚೆ ಬಿಡಬೇಕು ಅಷ್ಟೇ.

ಇನ್ನು ದುಡ್ಡಿನ ವಿಷಯ. ಬಾಡಿಗೆ 1.8 ಲಕ್ಷ ಅಂದ್ರೆ ಅಷ್ಟೇ ಅಲ್ಲ. ಅದರ ಮೇಲೆ 18% ಜಿಎಸ್‌ಟಿ ಅಂದ್ರೆ 32,400. ಆಮೇಲೆ ಕರೆಂಟ್, ಜನರೇಟರ್ ಡೀಸೆಲ್, ಕ್ಲೀನಿಂಗ್, ಪಾತ್ರೆ ಬಾಡಿಗೆ, ಕಸ ಸಾಗಿಸಲು ದುಡ್ಡು, ಹೊರಗಿನ ಡೆಕೊರೇಟರ್ ತಂದರೆ ಅದಕ್ಕೊಂದು ಶುಲ್ಕ. ಛತ್ರಕ್ಕೆ ಕಾಲಿಟ್ಟ ಕೂಡಲೇ ಮತ್ತು ಬಿಡುವಾಗ ಮನೆಯ ಒಬ್ಬರು ಮ್ಯಾನೇಜರ್ ಜೊತೆ ಹೋಗಿ ಮೀಟರ್ ರೀಡಿಂಗ್ ನೋಡಿ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಲಿ. ಜನರೇಟರ್‌ನಲ್ಲಿ ಡೀಸೆಲ್ ಎಷ್ಟಿದೆ ಅನ್ನೋದನ್ನೂ ಹಾಗೇ ನೋಡಲಿ. ಎಲೆ ಲೆಕ್ಕದ ಅಡುಗೆಯವರಾದರೆ ಎಲೆ ಎಣಿಸಲು ನಿಮ್ಮ ಕಡೆಯ ಒಬ್ಬ ನಂಬಿಕಸ್ತರು ಊಟದ ಹಾಲ್‌ನಲ್ಲೇ ಇರಬೇಕು. ಅಂದಹಾಗೆ, ನೋಂದಾಯಿತ ದತ್ತಿ ಅಥವಾ ಧಾರ್ಮಿಕ ಟ್ರಸ್ಟ್‌ಗಳು ದೇವಸ್ಥಾನದ ಆವರಣದಲ್ಲಿ ನಡೆಸುವ ಕಲ್ಯಾಣ ಮಂಟಪದ ಬಾಡಿಗೆ ದಿನಕ್ಕೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ಜಿಎಸ್‌ಟಿ ಇಲ್ಲ. ನಿಮ್ಮ 800 ಜನಕ್ಕೆ ಅಂಥ ಜಾಗ ಸಾಲದು, ಆದರೆ ಚಿಕ್ಕ ಮದುವೆ ಮಾಡುವವರಿಗೆ ಇದು ಗೊತ್ತಿರಲಿ.

ಅಡ್ವಾನ್ಸ್‌ಗೆ ರಸೀದಿ ತಗೊಳ್ಳಿ, ದಿನ ಬದಲಾದರೆ, ರದ್ದಾದರೆ ಎಷ್ಟು ವಾಪಸ್ ಅಂತ ಅದರಲ್ಲೇ ಬರೆಸಿ. 2020ರ ಲಾಕ್‌ಡೌನ್ ಸಮಯದಲ್ಲಿ ಬರೀ ಬಾಯಿಮಾತಿನ ಮೇಲೆ ಕೊಟ್ಟ ಮನೆಗಳು ತಿಂಗಳುಗಟ್ಟಲೆ ಅಲೆದವು.

ಬಾಗಿಲುಗಳನ್ನು ನೋಡದೆ ಯಾವ ಹಾಲ್ ಅನ್ನೂ ಒಪ್ಪಬೇಡಿ. ಇದನ್ನು ಹೇಳುವಾಗ ಕೆಲವರು ಶುಭಕಾರ್ಯದಲ್ಲಿ ಅಪಶಕುನ ನುಡಿಯಬೇಡಿ ಅಂತಾರೆ, ಆದರೂ ಹೇಳ್ತೀನಿ. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಒಂದು ಮದುವೆ ಮಂಟಪದಲ್ಲಿ ಗರಿಯ ಚಪ್ಪರಕ್ಕೆ ಬೆಂಕಿ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಮದುಮಗನೂ ಉಳಿಯಲಿಲ್ಲ. ಮುಖ್ಯ ಹಾಲ್‌ಗೆ ಕನಿಷ್ಠ ಎರಡು ಅಗಲವಾದ ಬಾಗಿಲು ಇರಬೇಕು, ರಿಸೆಪ್ಷನ್ ವೇಳೆ ಎರಡೂ ತೆರೆದಿರಬೇಕು. ಹಿಂಬಾಗಿಲಿಗೆ ಬೀಗ ಹಾಕಿ, ಅದರ ಮುಂದೆ ಡೆಕೊರೇಷನ್ ಗೋಡೆ ನಿಲ್ಲಿಸೋದು ತುಂಬಾ ಕಡೆ ನಡೆಯುತ್ತದೆ. ಬಟ್ಟೆ, ಕಾಗದದ ಹೂವಿನ ಸ್ಟೇಜ್ ಮೇಲೆ ಕಿಡಿ ಚಿಮ್ಮಿಸುವ ಪೈರೋ ಬೇಡವೇ ಬೇಡ. ಥರ್ಮಾಕೋಲ್ ಅಲಂಕಾರವನ್ನಂತೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಡೆಕೊರೇಟರ್ ಈಗಲೂ ಹಾಕ್ತೀನಿ ಅಂದ್ರೆ ಬೇಡ ಅನ್ನಿ.

ಈಗ ನೀವು ಮಾಡಬೇಕಾದ ಒಂದು ಕೆಲಸ ಇದೆ. ಅಡ್ವಾನ್ಸ್ ಕೊಡುವ ಮುಂಚೆ ಅಪ್ಪನನ್ನು ಕರ್ಕೊಂಡು ಆ ಛತ್ರಕ್ಕೆ ಬೇರೆ ಯಾರದಾದರೂ ರಿಸೆಪ್ಷನ್ ಇರುವ ದಿನ ರಾತ್ರಿ ಎಂಟೂವರೆಗೆ ಹೋಗಿ, ಮ್ಯಾನೇಜರ್‌ಗೆ ಹೇಳಿಯೇ ಹೋಗಿ. ಖಾಲಿ ಹಾಲ್ ನೋಡಿದರೆ ಏನೂ ಗೊತ್ತಾಗಲ್ಲ. ಊಟದ ಹಾಲ್ ಬಾಗಿಲಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ, ಒಂದು ಪಂಕ್ತಿ ಎದ್ದು ಇನ್ನೊಂದು ಕೂರಲು ಎಷ್ಟು ನಿಮಿಷ ಹಿಡಿಯುತ್ತದೆ, ಶೌಚಾಲಯ ಆ ಹೊತ್ತಿನಲ್ಲಿ ಹೇಗಿದೆ, ಕಾರುಗಳು ರಸ್ತೆಯಲ್ಲಿ ಎಲ್ಲಿಯವರೆಗೆ ನಿಂತಿವೆ, ಇಷ್ಟನ್ನು ಅರ್ಧ ಗಂಟೆ ನಿಂತು ನೋಡಿ. ಶಿವಮೊಗ್ಗದಿಂದ ಬರುವವರು ಉಳಿಯಲು ರೂಮುಗಳು ಎಷ್ಟು, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಅಂತಲೂ ಕೇಳಿ. ಪಂಕ್ತಿಗೆ 300 ಎಲೆಗಿಂತ ಕಡಿಮೆ ಹಿಡಿಯುವಂತಿದ್ದು ಹೊರಗೆ ಬಫೆಗೂ ಜಾಗ ಇಲ್ಲದಿದ್ದರೆ ಆ ಛತ್ರದಲ್ಲಿ ಮುಹೂರ್ತ ಮಾತ್ರ ಇಟ್ಟುಕೊಂಡು, ಸಂಜೆಗೆ ತುಮಕೂರಿನಲ್ಲೇ ಬೇರೆ ಹಾಲ್ ಹುಡುಕಿ. ಮೇ ತಿಂಗಳ ದಿನಗಳು ಬೇಗ ತುಂಬಿಹೋಗುತ್ತವೆ, ಇದೇ ವಾರ ಹೋಗಿ ಬನ್ನಿ.